ಮಲೆನಾಡಿನ ಹಸಿರುಗಪ್ಪು ಕಲ್ಲಿನಿಂದ ಅದರ ಶಿಲಾಪಾಕದ ಮೂಲದವರೆಗೆ: ಖನಿಜ ರಸಾಯನವನ್ನು ಓದುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಚಿಕ್ಕಮಗಳೂರು ಕಡೆ ಎಂದಾದರೂ ಜ್ವಾಲಾಮುಖಿ ಉಕ್ಕಿತ್ತೇ ಎಂದು ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಉಕ್ಕಿತ್ತು, ಅದೂ ಒಂದೆರಡು ಬಾರಿಯಲ್ಲ. ಬಾಬಾಬುಡನ್ ಬೆಟ್ಟಸಾಲಿನಲ್ಲಿ ಪದರ ಪದರವಾಗಿ ಕುಳಿತಿರುವ ಹಸಿರುಗಪ್ಪು ಕಲ್ಲು ಲಾವಾ ಹರಿದು ಗಟ್ಟಿಯಾದದ್ದು. ಅದರ ವಯಸ್ಸು ಸುಮಾರು 290ರಿಂದ 270 ಕೋಟಿ ವರ್ಷ. ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಕಡೆ ಸಿಲಿಕಾ ಹೆಚ್ಚಿರುವ ಜ್ವಾಲಾಮುಖಿ ಶಿಲೆಗಳಿವೆ. ಅವು ಸುಮಾರು 261 ಕೋಟಿ ವರ್ಷದವು. ಬೆಳಗಾವಿಯ ಆಚೆಗೆ ಹಬ್ಬಿರುವ ಡೆಕ್ಕನ್ ಟ್ರ್ಯಾಪ್ ಲಾವಾ ಉಕ್ಕಿದ್ದು ಕೇವಲ 6.6 ಕೋಟಿ ವರ್ಷದ ಹಿಂದೆ. ಮಲೆನಾಡಿನ ಕಪ್ಪು ಕಲ್ಲನ್ನೆಲ್ಲ ಡೆಕ್ಕನ್ ಟ್ರ್ಯಾಪ್ ಎಂದು ಕರೆಯುವವರು ಇಂದಿಗೂ ಇದ್ದಾರೆ. ನಮ್ಮ ಕಲ್ಲು ಅದಕ್ಕಿಂತ ನಲವತ್ತು ಪಟ್ಟು ಹಳೆಯದು.

ಈ ವಯಸ್ಸಿನ ವ್ಯತ್ಯಾಸ ಓದುವ ಕ್ರಮವನ್ನೇ ಬದಲಿಸುತ್ತದೆ. ಡೆಕ್ಕನ್ ಬಸಾಲ್ಟಿನಲ್ಲಿ (ಲಾವಾ ತಣಿದು ಆದ ಕಪ್ಪು ಕಲ್ಲಿನಲ್ಲಿ) ಶಿಲಾಪಾಕದಿಂದ, ಅಂದರೆ ಕರಗಿದ ಕಲ್ಲಿನಿಂದ, ಹರಳುಗಟ್ಟಿದ ಪ್ಲೇಜಿಯೋಕ್ಲೇಸ್ (ಫೆಲ್ಡ್‌ಸ್ಪಾರ್ ಗುಂಪಿನದು), ಪೈರಾಕ್ಸೀನ್ ಖನಿಜಗಳು ಇನ್ನೂ ಹಾಗೆಯೇ ಇರುತ್ತವೆ. ಮಲೆನಾಡಿನ ಲಾವಾ ಹುಟ್ಟಿದ ಮೇಲೆ ಹೂತುಹೋಗಿದೆ, ಬಿಸಿಯಾಗಿದೆ, ಮಡಚಿಕೊಂಡಿದೆ, ನೀರು ಕುಡಿದಿದೆ. ಅದರ ಇಂದಿನ ಖನಿಜಗಳಲ್ಲಿ ಹೆಚ್ಚಿನವು ಲಾವಾದೊಳಗೆ ಹುಟ್ಟಿದವಲ್ಲ, ಆಮೇಲೆ ಬಂದವು. ಆದ್ದರಿಂದ ಯಾವ ಖನಿಜವನ್ನು ಅಳೆಯುವ ಮೊದಲೂ ಇದು ಶಿಲಾಪಾಕದ್ದೇ, ರೂಪಾಂತರದ್ದೇ (ಆಮೇಲಿನ ಕಾವು, ಒತ್ತಡ, ನೀರಿನಿಂದ ಬಂದದ್ದೇ) ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರ ಸಿಗದೆ ರಸಾಯನದ ಅಂಕಿಗಳನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ಇಟ್ಟರೆ ಎಷ್ಟೇ ದುಬಾರಿ ಯಂತ್ರದಲ್ಲಿ ಅಳೆದಿದ್ದರೂ ಪ್ರಯೋಜನವಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನೇ ನಡುವೆ ಇಟ್ಟುಕೊಂಡಿವೆ.

ಮೊದಲ ಹೆಜ್ಜೆ: ನಕ್ಷೆ, ಋತು, ಅನುಮತಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ಭೂವಿಜ್ಞಾನದ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ನೀವು ಹೋಗುವ ಜಾಗದಲ್ಲಿ ಕಾಣಿಸುವುದು ಶಿಸ್ಟ್ ಪಟ್ಟಿಯೋ (ರೂಪಾಂತರಗೊಂಡ ಹಳೆಯ ಲಾವಾ ಮತ್ತು ಅದರ ಜತೆಗಿನ ಪದರಗಲ್ಲುಗಳ ಪಟ್ಟಿ), ಅದರ ತಳಹದಿಯಾದ, ಪಟ್ಟೆಪಟ್ಟೆಯಾಗಿರುವ ನೈಸ್ ಶಿಲೆಯೋ ಎಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಿ. ಜೋಗದ ಬಂಡೆ ನೈಸ್. ಅಲ್ಲಿ ಲಾವಾ ಹುಡುಕುವುದು ವ್ಯರ್ಥ. ಬಾಬಾಬುಡನ್ ಮತ್ತು ಶಿವಮೊಗ್ಗದ ಶಿಸ್ಟ್ ಪಟ್ಟಿಗಳು ನಮ್ಮ ಕ್ಷೇತ್ರ.

ಮಳೆಗಾಲ ಇದಕ್ಕೆ ಕಾಲವಲ್ಲ. ಪಾಚಿ ಮುಚ್ಚಿದ ಬಂಡೆಯಲ್ಲಿ ಏನೂ ಕಾಣುವುದಿಲ್ಲ, ಉಂಬಳದ ಕಾಟ ಬೇರೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೊಳೆಯ ಪಾತ್ರ ಬರಿದಾದಾಗ ನೀರು ತೊಳೆದು ನಯ ಮಾಡಿದ ಬಂಡೆ ಬಯಲಿಗೆ ಬರುತ್ತದೆ. ಹೊಸದಾಗಿ ಕಡಿದ ರಸ್ತೆ ಧರೆ, ಕಲ್ಲುಕೋರೆ, ತೋಡಿದ ಬಾವಿಯ ಮಗ್ಗುಲ ರಾಶಿ ಇವೂ ಒಳ್ಳೆಯ ಜಾಗಗಳೇ. ಭದ್ರಾ, ಕುದುರೆಮುಖ, ಮೂಕಾಂಬಿಕಾ ಅರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಚೂರನ್ನೂ ಎತ್ತಬೇಡಿ. ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿಗೆ ಸುತ್ತಿಗೆಯನ್ನು ಒಯ್ಯುವುದೇ ತಪ್ಪು.

ಎರಡನೆಯ ಹೆಜ್ಜೆ: ಲಾವಾ ಅಲ್ಲದ್ದನ್ನು ಬದಿಗಿಡುವುದು

ಮಲೆನಾಡಿನಲ್ಲಿ ಹೆಚ್ಚು ಜನ ಎಡವುವುದು ಜಂಬಿಟ್ಟಿಗೆಯಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗೋಡೆಗಳಲ್ಲಿ ಕಾಣುವ ಆ ಕೆಂಪು ಕಲ್ಲಿನ ತುಂಬ ತೂತುಗಳಿರುತ್ತವೆ. ಅವನ್ನು ಲಾವಾದ ಗಾಳಿಗುಳ್ಳೆ ಎಂದು ಭಾವಿಸುವುದು ಸಹಜ. ಜಂಬಿಟ್ಟಿಗೆ ಹುಟ್ಟುವುದು ಮಳೆ ಮತ್ತು ಬಿಸಿಲಿನ ಕೆಲಸದಿಂದ: ಅಡಿಯ ಕಲ್ಲು ಯಾವುದೇ ಇರಲಿ, ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ ಕರಗಿ ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಅದರ ತೂತುಗಳು ಅಂಕುಡೊಂಕಾದ ಕೊಳವೆಗಳು; ಒಂದರೊಳಗೊಂದು ಸೇರಿಕೊಂಡು ಸಾಗುತ್ತವೆ, ಒಳಗೋಡೆಗೆ ಹಳದಿ ಮಣ್ಣು ಮೆತ್ತಿರುತ್ತದೆ. ಲಾವಾದ ಗುಳ್ಳೆ ಹಾಗಿರುವುದಿಲ್ಲ. ಅದು ದುಂಡಗೆ ಅಥವಾ ಬಾದಾಮಿಯ ಆಕಾರದಲ್ಲಿ ಬಿಡಿಬಿಡಿಯಾಗಿ ಇರುತ್ತದೆ. ನಮ್ಮ ಹಳೆಯ ಲಾವಾದಲ್ಲಂತೂ ಗುಳ್ಳೆ ಖಾಲಿ ಉಳಿದಿರುವುದು ಅಪರೂಪ: ಬೆಣಚು, ಕ್ಯಾಲ್ಸೈಟ್, ಕ್ಲೋರೈಟ್, ಎಪಿಡೋಟ್ ತುಂಬಿಕೊಂಡು ಕಪ್ಪು ಕಲ್ಲಿನ ಮೇಲೆ ಬಿಳಿ ಅಥವಾ ಹಸಿರು ಚುಕ್ಕೆಗಳಂತೆ ಕಾಣುತ್ತವೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟಾಗ ಬಿಳಿ ಚುಕ್ಕೆ ನೊರೆಯೆದ್ದರೆ ಅದು ಕ್ಯಾಲ್ಸೈಟ್, ಸುಮ್ಮನಿದ್ದರೆ ಬಹುತೇಕ ಬೆಣಚು.

ಎರಡನೆಯ ಗೊಂದಲ ಕಬ್ಬಿಣದ ಪಟ್ಟೆಕಲ್ಲಿನದು. ಬಾಬಾಬುಡನ್ ಮತ್ತು ಕುದುರೆಮುಖದ ಈ ಕಲ್ಲು ಅಯಸ್ಕಾಂತಕ್ಕೆ ಜೋರಾಗಿ ಅಂಟುತ್ತದೆ, ಕಪ್ಪಗೂ ಇರುತ್ತದೆ. ಆದರೆ ಅದು ಪ್ರಾಚೀನ ಸಮುದ್ರದ ನೀರಿನಿಂದ ತಳಕ್ಕಿಳಿದ ಕಬ್ಬಿಣ ಮತ್ತು ಸಿಲಿಕಾ. ತೆಳುಪಟ್ಟೆಗಳು ಎದ್ದು ಕಂಡರೆ ಅದನ್ನು ಬದಿಗಿಡಿ.

ಮೂರನೆಯದು ಕಲ್ಲಿನ ವ್ಯಾಪಾರಿಗಳು ‘ಕಪ್ಪು ಗ್ರಾನೈಟ್’ ಎನ್ನುವ ಡೋಲರೈಟ್. ಇದು ಶಿಲಾಪಾಕವೇ, ಆದರೆ ಮೇಲಕ್ಕೆ ಉಕ್ಕದೆ ಬಿರುಕಿನೊಳಗೆ ಗೋಡೆಯಂತೆ ಗಟ್ಟಿಯಾದದ್ದು. ಸುತ್ತಲಿನ ನೈಸನ್ನು ಅಡ್ಡಕ್ಕೆ ಸೀಳಿಕೊಂಡು ನಿಂತಿರುತ್ತದೆ. ಇದನ್ನು ಎಸೆಯಬೇಡಿ. ಧಾರವಾಡ ಶಿಲಾಸಮೂಹದ (ಈ ಶಿಸ್ಟ್ ಪಟ್ಟಿಗಳ ಒಟ್ಟು ಹೆಸರು) ಮಡಿಕೆ, ಕಾವು ಎಲ್ಲ ಮುಗಿದ ಮೇಲೆ ಬಂದ ಇಂಥ ಗೋಡೆಗಳಾದ ಡೈಕ್‌ಗಳಲ್ಲಿ ಮೂಲ ಪೈರಾಕ್ಸೀನ್ ಮತ್ತು ಪ್ಲೇಜಿಯೋಕ್ಲೇಸ್ ತಾಜಾ ಆಗಿಯೇ ಸಿಗುತ್ತವೆ. ಖನಿಜ ರಸಾಯನ ಕಲಿಯಲು ಹೊರಟವರು ಮೊದಲು ಒಂದು ಡೋಲರೈಟ್ ಡೈಕ್ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಹಸಿರು ಲಾವಾಕ್ಕೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯ ಹೆಜ್ಜೆ: ಬಂಡೆಯ ನೆರೆಹೊರೆಯನ್ನು ಓದುವುದು

ಪ್ರಯೋಗಾಲಯದ ಅಂಕಿಗಳು ನಂತರ ಎಷ್ಟೇ ಜಾಣತನ ತೋರಿಸಲಿ, ಬಂಡೆ ನಿಂತ ಜಾಗದಲ್ಲಿ ಬರೆದುಕೊಂಡ ಟಿಪ್ಪಣಿಯೇ ಕೊನೆಗೆ ತೀರ್ಪು ಕೊಡುತ್ತದೆ. ಬಾಬಾಬುಡನ್ ಶಿಲಾಸಮೂಹದ ತಳದಲ್ಲಿ ನೈಸ್ ಮೇಲೆ ಬೆಣಚಿನ ಉರುಟುಗಲ್ಲುಗಳ ಕಾಂಗ್ಲೋಮರೇಟ್ ಕುಳಿತಿದೆ. ಅದರ ಮೇಲಿನ ಬಸಾಲ್ಟ್ ಹರಿವುಗಳ ನಡುನಡುವೆ ಕ್ವಾರ್ಟ್ಸೈಟ್ (ಮರಳು ಗಟ್ಟಿಯಾಗಿ ಆದ ಕಲ್ಲು) ಪದರಗಳಿವೆ. ಅವುಗಳ ಮೈಮೇಲೆ ಅಲೆಗಳ ಗುರುತು, ಓರೆ ಪದರಿಕೆ ಸ್ಪಷ್ಟವಾಗಿ ಉಳಿದಿವೆ. ಇದರರ್ಥ ಏನು? ಅಷ್ಟು ಮರಳು ಬಂದಿರಬೇಕಾದರೆ ಪಕ್ಕದಲ್ಲಿ ಸವೆಯುತ್ತಿದ್ದ ಭೂಖಂಡ ಇದ್ದಿರಬೇಕು, ನೀರು ಆಳವಿಲ್ಲದೆ ಇದ್ದಿರಬೇಕು. ಲಾವಾ ಹಳೆಯ ಗಟ್ಟಿ ಭೂಖಂಡವನ್ನು ತೂರಿಕೊಂಡು ಬಂದಿತು. ಈ ಮಾತನ್ನು ನೆನಪಿಡಿ. ಎಂಟನೆಯ ಹೆಜ್ಜೆಯಲ್ಲಿ ಇದೇ ದೊಡ್ಡ ವಾದವೊಂದನ್ನು ಬಗೆಹರಿಸುತ್ತದೆ.

ಮರಡಿಹಳ್ಳಿಯಲ್ಲಿ ಕಥೆ ಬೇರೆ. ಅಲ್ಲಿ ಲಾವಾ ನೀರಿನಡಿಯಲ್ಲಿ ಉಕ್ಕಿ, ಹೊರಮೈ ತಟ್ಟನೆ ತಣಿದು, ದಿಂಬುಗಳಂತೆ ಒಂದರ ಮೇಲೊಂದು ಒರಗಿದೆ. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಹಾಗಾಗಿ ಪದರಗಳು ತಲೆಕೆಳಗಾಗಿವೆಯೇ ಎಂಬುದನ್ನೂ ದಿಂಬು ಹೇಳುತ್ತದೆ. ಮಡಚಿಕೊಂಡ ಶಿಸ್ಟ್ ಪಟ್ಟಿಗಳಲ್ಲಿ ಇದು ಬಹಳ ಉಪಯುಕ್ತ.

ಮಾದರಿ ತೆಗೆಯುವಾಗ ಹರಿವಿನ ನಡುಭಾಗದಿಂದ ಎರಡು ಮೂರು ಕಿಲೋ ತೂಕದ ತಾಜಾ ಕಲ್ಲು ತೆಗೆಯಿರಿ. ಹೊರಗಿನ ಕಂದು ಸಿಪ್ಪೆ, ಬೆಣಚಿನ ಗೆರೆ, ತುಂಬಿದ ಗುಳ್ಳೆ ಇರುವ ಚೂರುಗಳನ್ನು ಅಲ್ಲೇ ಒಡೆದು ಎಸೆಯಿರಿ. ಗುಳ್ಳೆಯೊಳಗಿನ ಕ್ಯಾಲ್ಸೈಟ್ ಸೇರಿಕೊಂಡರೆ ಕ್ಯಾಲ್ಸಿಯಂ ಅಂಕಿ ಸುಳ್ಳಾಗುತ್ತದೆ.

ನಾಲ್ಕನೆಯ ಹೆಜ್ಜೆ: ತೆಳುಛೇದ

ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇದು ಗಾಜಿನ ಮೇಲೆ ಅಂಟಿಸಿದಾಗ ಬೆಳಕು ಅದರ ಮೂಲಕ ಹಾಯುತ್ತದೆ. ಭೂವಿಜ್ಞಾನ ವಿಭಾಗ ಇರುವ ಕಾಲೇಜುಗಳಲ್ಲಿ ಧ್ರುವೀಕರಣ ಸೂಕ್ಷ್ಮದರ್ಶಕ ಸಾಮಾನ್ಯವಾಗಿ ಇರುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಮುಂದೆ ಕೂರುವುದಕ್ಕಿಂತ ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ಕಳೆಯಿರಿ.

ತಾಜಾ ಡೋಲರೈಟಿನಲ್ಲಿ ಪ್ಲೇಜಿಯೋಕ್ಲೇಸ್ ಉದ್ದನೆಯ ಕಡ್ಡಿಗಳಂತೆ, ಅಡ್ಡಧ್ರುವೀಕರಣದಲ್ಲಿ ಕಪ್ಪು ಬಿಳಿ ಪಟ್ಟೆಗಳೊಂದಿಗೆ ಕಾಣುತ್ತದೆ. ಕಡ್ಡಿಗಳ ಸಂದಿಯಲ್ಲಿ ಉಜ್ವಲ ಬಣ್ಣದ ಪೈರಾಕ್ಸೀನ್ ತುಂಬಿರುತ್ತದೆ. ಈಗ ಬಾಬಾಬುಡನ್ ಲಾವಾದ ಛೇದವನ್ನು ಅದೇ ಮಸೂರದ ಕೆಳಗೆ ಇಡಿ. ಕಡ್ಡಿಗಳ ಆಕಾರ ಹಾಗೇ ಇದೆ, ಆದರೆ ಒಳಗೆ ಮಬ್ಬು. ಹಳದಿಹಸಿರು ಎಪಿಡೋಟಿನ ಕಾಳುಗಳು. ಪೈರಾಕ್ಸೀನ್ ಇದ್ದ ಕಡೆ ನಸುಹಸಿರಿನ, ನಾರುನಾರಾದ ಆಕ್ಟಿನೋಲೈಟ್. ಸಂದಿಗಳಲ್ಲಿ ಕ್ಲೋರೈಟ್. ಕಲ್ಲು ಹಸಿರಾಗಿ ಕಾಣುವುದು ಈ ಮೂರರಿಂದಲೇ. ಮೆಗ್ನೀಷಿಯಂ-ಕಬ್ಬಿಣದ ಖನಿಜವಾದ ಆಲಿವೀನ್ ಇದ್ದಲ್ಲಿ ಸರ್ಪೆಂಟೈನ್ ಅಥವಾ ಟಾಲ್ಕ್ ಬಂದಿರುತ್ತದೆ. ಬೇಲೂರು, ಹಳೇಬೀಡು, ಅಮೃತಾಪುರದ ಶಿಲ್ಪಿಗಳ ಉಳಿಗೆ ಅಷ್ಟು ಸುಲಭವಾಗಿ ಒಲಿದ ಬಳಪದ ಕಲ್ಲಿನ ಮೆದುತನವೂ ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳದೇ. ಮೆಗ್ನೀಷಿಯಂ ಸಮೃದ್ಧವಾಗಿದ್ದ ಹಳೆಯ ಅಗ್ನಿಶಿಲೆ ನೀರು ಮತ್ತು ಕಾವಿನಲ್ಲಿ ಮಾರ್ಪಟ್ಟಾಗ ಅವು ಹುಟ್ಟುತ್ತವೆ.

ಇಲ್ಲಿ ನಿಮ್ಮ ಕೆಲಸ ಉಳಿಕೆಗಳನ್ನು ಹುಡುಕುವುದು. ಆಕ್ಟಿನೋಲೈಟ್ ಅಂಚಿನ ನಡುವೆ ಬಣ್ಣವಿಲ್ಲದ, ನಾರಿಲ್ಲದ ಚೂರು ಕಂಡರೆ ಅದು ಮೂಲ ಕ್ಲೈನೋಪೈರಾಕ್ಸೀನ್ (ಪೈರಾಕ್ಸೀನಿನ ಒಂದು ಬಗೆ) ಆಗಿರಬಹುದು. ಅಪಾರದರ್ಶಕ ಕಾಳುಗಳಲ್ಲಿ ಅಂಚಿನಲ್ಲಿ ಕೆಂಪುಗಂದು ಬೆಳಕು ಹಾಯಿಸುವ ಕಾಳು ಕ್ರೋಮೈಟ್ ಇರಬಹುದು. ಇವೆರಡಕ್ಕೂ ಸುತ್ತ ಮಸಿಯಿಂದ ವೃತ್ತ ಹಾಕಿ, ಫೋಟೊ ತೆಗೆದು, ಕ್ರಮಸಂಖ್ಯೆ ಕೊಡಿ. ಯಂತ್ರದ ಮುಂದೆ ಕುಳಿತಾಗ ಹುಡುಕುತ್ತಾ ಕೂರಲು ಸಮಯ ಸಿಗುವುದಿಲ್ಲ.

ಐದನೆಯ ಹೆಜ್ಜೆ: ಇಲೆಕ್ಟ್ರಾನ್ ಮೈಕ್ರೋಪ್ರೋಬ್

ಈ ಯಂತ್ರ ಖನಿಜದ ಮೇಲೆ ಒಂದೆರಡು ಮೈಕ್ರಾನ್ ಅಗಲದ ಇಲೆಕ್ಟ್ರಾನ್ ಕಿರಣ ಬಿಟ್ಟು, ಹೊರಬರುವ ಎಕ್ಸ್ ಕಿರಣಗಳಿಂದ ಅಲ್ಲಿರುವ ಧಾತುಗಳ ಪ್ರಮಾಣ ಹೇಳುತ್ತದೆ. ಸಾಮಾನ್ಯವಾಗಿ 15 ಕಿಲೋವೋಲ್ಟ್ ಒತ್ತಡ, 10ರಿಂದ 20 ನ್ಯಾನೊಆಂಪಿಯರ್ ಪ್ರವಾಹ ಸಾಕು. ಛೇದವನ್ನು ಕನ್ನಡಿಯಂತೆ ನಯ ಮಾಡಿ ಕಾರ್ಬನ್ ಲೇಪಿಸಿರಬೇಕು. ಫೆಲ್ಡ್‌ಸ್ಪಾರ್ ಅಳೆಯುವಾಗ ಕಿರಣವನ್ನು ತುಸು ಅಗಲಿಸಿ, ಸೋಡಿಯಮ್ಮನ್ನು ಮೊದಲು ಅಳೆಯಿರಿ. ಚೂಪು ಕಿರಣದ ಬಿಸಿಗೆ ಸೋಡಿಯಂ ಜಾಗ ಬಿಟ್ಟು ಸರಿದುಹೋಗುತ್ತದೆ.

ಬಂದ ಅಂಕಿಗಳನ್ನು ನಂಬುವ ಮುಂಚೆ ಎರಡು ಪರೀಕ್ಷೆ. ಮೊದಲನೆಯದು ಒಟ್ಟು ಮೊತ್ತ. ಆಲಿವೀನ್, ಪೈರಾಕ್ಸೀನ್, ಫೆಲ್ಡ್‌ಸ್ಪಾರ್‌ಗಳಲ್ಲಿ ನೀರಿಲ್ಲ, ಆದ್ದರಿಂದ ಆಕ್ಸೈಡುಗಳ ಮೊತ್ತ 98.5ರಿಂದ 101ರೊಳಗೆ ಬರಬೇಕು. ಪೈರಾಕ್ಸೀನ್ ಎಂದುಕೊಂಡದ್ದು 97 ತೋರಿಸಿದರೆ ಅದು ನೀರಿರುವ ಆಂಫಿಬೋಲ್ (ಆಕ್ಟಿನೋಲೈಟ್ ಈ ಗುಂಪಿನದು) ಇರಬಹುದು, 87 ತೋರಿಸಿದರೆ ಕ್ಲೋರೈಟ್. ಎರಡನೆಯದು ಸೂತ್ರದ ಲೆಕ್ಕ: ಆಲಿವೀನಿಗೆ 4 ಆಕ್ಸಿಜನ್ ಇಟ್ಟುಕೊಂಡರೆ ಧನ ಅಯಾನುಗಳಾದ ಕ್ಯಾಟಯಾನ್‌ಗಳ ಮೊತ್ತ 3, ಪೈರಾಕ್ಸೀನಿಗೆ 6 ಆಕ್ಸಿಜನ್‌ಗೆ 4, ಫೆಲ್ಡ್‌ಸ್ಪಾರಿಗೆ 8 ಆಕ್ಸಿಜನ್‌ಗೆ 5 ಬರಬೇಕು. ಈ ಎರಡು ಜರಡಿಯಲ್ಲಿ ನಿಲ್ಲದ ಅಂಕಿಯನ್ನು ಎಷ್ಟು ಆಸೆಯಿದ್ದರೂ ಕೈಬಿಡಿ.

ಪ್ಲೇಜಿಯೋಕ್ಲೇಸ್ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡೋಣ. ಒಂದು ಡೋಲರೈಟಿನ ಹರಳಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ 12.0, ಸೋಡಿಯಂ ಆಕ್ಸೈಡ್ ಶೇ 4.5 ಎಂದು ಇಟ್ಟುಕೊಳ್ಳಿ. ಕ್ಯಾಲ್ಸಿಯಂ: 12.0 ಅನ್ನು ಅಣುತೂಕ 56.08ರಿಂದ ಭಾಗಿಸಿದರೆ 0.214. ಸೋಡಿಯಂ: 4.5 ಅನ್ನು 61.98ರಿಂದ ಭಾಗಿಸಿ, ಒಂದು ಅಣುವಿನಲ್ಲಿ ಎರಡು ಸೋಡಿಯಂ ಇರುವುದರಿಂದ ದ್ವಿಗುಣಿಸಿದರೆ 0.145. ಈಗ 0.214 ಅನ್ನು ಎರಡರ ಮೊತ್ತ 0.359ರಿಂದ ಭಾಗಿಸಿ: 0.60. ಅಂದರೆ ಅನಾರ್ಥೈಟ್ (ಪ್ಲೇಜಿಯೋಕ್ಲೇಸಿನ ಕ್ಯಾಲ್ಸಿಯಂ ತುದಿ) ಅಂಶ ಶೇ 60. ಇದು ಲ್ಯಾಬ್ರಡೊರೈಟ್, ಬಸಾಲ್ಟ್ ಶಿಲಾಪಾಕಕ್ಕೆ ಸಹಜವಾದದ್ದು. ಹಸಿರು ಲಾವಾದ ಕಡ್ಡಿಯಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ 0.6, ಸೋಡಿಯಂ ಆಕ್ಸೈಡ್ ಶೇ 11.3 ಬಂದರೆ ಅದೇ ಲೆಕ್ಕ ಶೇ 3 ಎನ್ನುತ್ತದೆ. ಅದು ಆಲ್ಬೈಟ್, ಪ್ಲೇಜಿಯೋಕ್ಲೇಸಿನ ಸೋಡಿಯಂ ತುದಿ. ಆಕಾರ ಲಾವಾದ್ದು, ರಸಾಯನ ರೂಪಾಂತರದ್ದು. ಮೂಲದಲ್ಲಿದ್ದ ಕ್ಯಾಲ್ಸಿಯಂ ಪಕ್ಕದ ಎಪಿಡೋಟಿಗೆ ಹೋಗಿದೆ. ಈ ಹರಳಿನಿಂದ ಶಿಲಾಪಾಕದ ತಾಪಮಾನ ಲೆಕ್ಕ ಹಾಕುವುದಕ್ಕೆ ಅರ್ಥವೇ ಇಲ್ಲ.

ತಾಜಾ ಹರಳು ಸಿಕ್ಕರೆ ಕೇಂದ್ರದಿಂದ ಅಂಚಿಗೆ ಒಂದೇ ಸಾಲಿನಲ್ಲಿ ಹತ್ತಾರು ಬಿಂದು ಅಳೆಯಿರಿ. ಶುದ್ಧ ಅನಾರ್ಥೈಟ್ ಕರಗುವುದು 1553 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಲ್ಬೈಟ್ 1118ರಲ್ಲಿ. ಆದ್ದರಿಂದ ತಣಿಯುವ ಶಿಲಾಪಾಕದಲ್ಲಿ ಕೇಂದ್ರ ಕ್ಯಾಲ್ಸಿಯಂಭರಿತ, ಅಂಚು ಸೋಡಿಯಂಭರಿತವಾಗುವುದು ವಾಡಿಕೆ. ನಡುವೆ ಎಲ್ಲೋ ಕ್ಯಾಲ್ಸಿಯಂ ಮತ್ತೆ ಏರಿದರೆ ಬಿಸಿಯಾದ ಹೊಸ ಶಿಲಾಪಾಕ ಕೆಳಗಿನಿಂದ ಬಂದು ಬೆರೆತಿರಬಹುದು, ಇಲ್ಲವೇ ನೀರಿನ ಪ್ರಮಾಣ ಹೆಚ್ಚಿರಬಹುದು. ಸೂಜಿಮೊನೆಯಷ್ಟು ಹರಳಿನಲ್ಲಿ ಜ್ವಾಲಾಮುಖಿಯ ಒಡಲಿನ ಇಷ್ಟು ಚರಿತ್ರೆ ಉಳಿದಿರುವುದನ್ನು ನೋಡಿದಾಗ ಪ್ರತಿಸಲವೂ ಬೆರಗಾಗುತ್ತದೆ.

ಕ್ಲೈನೋಪೈರಾಕ್ಸೀನ್ ಉಳಿಕೆಯಲ್ಲಿ ಟೈಟಾನಿಯಂ, ಅಲ್ಯೂಮಿನಿಯಂ, ಸೋಡಿಯಂ ಗಮನಿಸಿ. ಕ್ಷಾರೀಯ ಶಿಲಾಪಾಕದಲ್ಲಿ (ಸೋಡಿಯಂ, ಪೊಟ್ಯಾಷಿಯಂ ಹೆಚ್ಚಿರುವ ಬಗೆ) ಇವು ಹೆಚ್ಚು, ಥೋಲಿಯೈಟ್ ಶಿಲಾಪಾಕದಲ್ಲಿ (ಅವು ಕಡಿಮೆಯಿರುವ ಬಗೆ) ಕಡಿಮೆ. ಕ್ರೋಮೈಟ್ ಇನ್ನೂ ಗಟ್ಟಿ ಸಾಕ್ಷಿ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ ಸುತ್ತಲಿನ ಆಲಿವೀನ್ ಪೂರ್ತಿ ಸರ್ಪೆಂಟೈನ್ ಆಗಿದ್ದರೂ ಕ್ರೋಮೈಟ್ ಉಳಿದುಕೊಂಡಿದೆ. ಆದರೆ ಅಂಚು ಕೆಟ್ಟಿರುತ್ತದೆ: ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಹೊರಟುಹೋಗಿ ಕಬ್ಬಿಣ ಸೇರಿರುತ್ತದೆ. ಕೇಂದ್ರವನ್ನು ಮಾತ್ರ ಅಳೆಯಿರಿ. ಅಲ್ಲಿ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಪರಮಾಣುಗಳ ಮೊತ್ತದಲ್ಲಿ ಕ್ರೋಮಿಯಂ ಪಾಲು ಹೆಚ್ಚಿದ್ದಷ್ಟೂ ಮೂಲ ಮ್ಯಾಂಟಲ್ (ಭೂಮಿಯ ತೊಗಟೆಯ ಕೆಳಗಿನ ಪದರ) ಹೆಚ್ಚು ಪ್ರಮಾಣದಲ್ಲಿ ಕರಗಿತ್ತು ಎಂದರ್ಥ.

ಆರನೆಯ ಹೆಜ್ಜೆ: ಇಡೀ ಶಿಲೆಯ ರಸಾಯನ

ಖನಿಜಗಳು ಕೈಕೊಟ್ಟಲ್ಲಿ ಇಡೀ ಕಲ್ಲನ್ನು ಪುಡಿ ಮಾಡಿ ಅಳೆಯಬೇಕಾಗುತ್ತದೆ. ಪುಡಿ ಮಾಡುವ ಪಾತ್ರೆ ಅಗೇಟಿನದಾಗಿರಲಿ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಕೋಬಾಲ್ಟ್, ಟ್ಯಾಂಟಲಂ ಸೇರಿಸುತ್ತದೆ, ಉಕ್ಕಿನದು ಕಬ್ಬಿಣ, ಕ್ರೋಮಿಯಂ ಸೇರಿಸುತ್ತದೆ. ವರದಿ ಬಂದಾಗ ಮೊದಲು ಕಾಯಿಸಿದಾಗ ಆದ ತೂಕನಷ್ಟವನ್ನು ನೋಡಿ. ತಾಜಾ ಬಸಾಲ್ಟಿನಲ್ಲಿ ಅದು ಶೇ 1ರ ಆಸುಪಾಸು. ಶೇ 4 ದಾಟಿದರೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸಾಕಷ್ಟು ಒಳಬಂದಿವೆ ಎಂದು ತಿಳಿಯಿರಿ.

ಶಿಲೆಗೆ ಹೆಸರಿಡಲು ಪಠ್ಯಪುಸ್ತಕಗಳು ಸಿಲಿಕಾಕ್ಕೆ ಎದುರಾಗಿ ಸೋಡಿಯಂ-ಪೊಟ್ಯಾಷಿಯಂ ಮೊತ್ತ ಇಡುವ ನಕ್ಷೆಯನ್ನು ಕೊಡುತ್ತವೆ: ಸಿಲಿಕಾ ಶೇ 45ರಿಂದ 52 ಬಸಾಲ್ಟ್, 57ರಿಂದ 63 ಆಂಡಿಸೈಟ್, ಅದಕ್ಕೂ ಮೇಲೆ ಡೇಸೈಟ್, ರಯೋಲೈಟ್. ತಾಜಾ ಲಾವಾಕ್ಕೆ ಇದು ಸರಿ. ನಮ್ಮ ಹಸಿರು ಕಲ್ಲಿಗೆ ಇದನ್ನು ಬಳಸಲೇಬೇಡಿ, ಏಕೆಂದರೆ ಸೋಡಿಯಂ, ಪೊಟ್ಯಾಷಿಯಂ, ರುಬಿಡಿಯಂ, ಬೇರಿಯಂ, ಕ್ಯಾಲ್ಸಿಯಂ ನೀರಿನೊಂದಿಗೆ ಓಡಾಡುವ ಧಾತುಗಳು. ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಯಿಟ್ರಿಯಂ, ಥೋರಿಯಂ ಮತ್ತು ವಿರಳ ಭೂಧಾತುಗಳಲ್ಲಿ (ಲ್ಯಾಂಥನಂ, ಸಮೇರಿಯಂ, ಯಿಟರ್ಬಿಯಂ ಮುಂತಾದವು) ಹೆಚ್ಚಿನವು ಈ ಮಟ್ಟದ ರೂಪಾಂತರದಲ್ಲಿ ಸುಲಭಕ್ಕೆ ಕದಲುವುದಿಲ್ಲ. ಜಿರ್ಕೋನಿಯಂ ಮತ್ತು ಟೈಟಾನಿಯಂ ಅನುಪಾತವನ್ನು ನಿಯೋಬಿಯಂ ಮತ್ತು ಯಿಟ್ರಿಯಂ ಅನುಪಾತದ ಎದುರಿಟ್ಟು ಹೆಸರು ಕೊಡಿ. ಅವು ನಿಜಕ್ಕೂ ಕದಲಿಲ್ಲವೇ ಎಂದು ಪರೀಕ್ಷಿಸಲು ಒಂದೇ ಹರಿವಿನ ಹಲವು ಮಾದರಿಗಳಲ್ಲಿ ಜಿರ್ಕೋನಿಯಂ ಎದುರು ಪ್ರತಿ ಧಾತುವನ್ನೂ ಗುರುತಿಸಿ: ನೇರ ಗೆರೆ ಬಂದರೆ ನಂಬಿ, ಚದುರಿದರೆ ಬಿಡಿ.

ಏಳನೆಯ ಹೆಜ್ಜೆ: ಈ ಶಿಲಾಪಾಕ ಮ್ಯಾಂಟಲಿನಿಂದ ನೇರವಾಗಿ ಬಂದದ್ದೇ?

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು. ಆಲಿವೀನ್ ಎಂದರೆ ಎರಡು ತುದಿಗಳ ಮಿಶ್ರಣ: ಮೆಗ್ನೀಷಿಯಮ್ಮಿನ ಫಾರ್ಸ್ಟರೈಟ್, ಕಬ್ಬಿಣದ ಫೇಯಲೈಟ್. ಮೊದಲನೆಯದು 1890 ಡಿಗ್ರಿಯಲ್ಲಿ ಕರಗಿದರೆ ಎರಡನೆಯದು 1205ರಲ್ಲಿ. ಹೀಗಾಗಿ ಶಿಲಾಪಾಕದಿಂದ ಮೊದಲು ಹೊರಬೀಳುವ ಆಲಿವೀನ್ ಮೆಗ್ನೀಷಿಯಮ್ಮನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಎಷ್ಟು ಹೆಚ್ಚು ಎಂಬುದನ್ನು ರೋಡರ್ ಮತ್ತು ಎಮ್ಸ್ಲೀ 1970ರಲ್ಲಿ ಪ್ರಯೋಗದಿಂದ ತೋರಿಸಿದರು: ಆಲಿವೀನಿನ ಕಬ್ಬಿಣ-ಮೆಗ್ನೀಷಿಯಂ ಅನುಪಾತ ದ್ರವದ ಅನುಪಾತದ ಸುಮಾರು 0.30 ಪಟ್ಟು.

ವರದಿಯಲ್ಲಿ ಮೆಗ್ನೀಷಿಯಂ ಆಕ್ಸೈಡ್ ಶೇ 8.0, ಒಟ್ಟು ಕಬ್ಬಿಣ ಫೆರಿಕ್ ಆಕ್ಸೈಡ್ ರೂಪದಲ್ಲಿ ಶೇ 12.35 ಇದೆ ಎನ್ನಿ. ಫೆರಿಕ್‌ನಿಂದ ಫೆರಸ್‌ಗೆ ತರಲು 0.9ರಿಂದ ಗುಣಿಸಿದರೆ 11.1. ಕರಗಿದ ಬಸಾಲ್ಟಿನಲ್ಲಿ ಕಬ್ಬಿಣದ ಸುಮಾರು ಶೇ 90 ಫೆರಸ್ ರೂಪದಲ್ಲಿರುತ್ತದೆ ಎಂದುಕೊಂಡರೆ 10.0 ಉಳಿಯುತ್ತದೆ. ಅಣುಲೆಕ್ಕಕ್ಕೆ ಬನ್ನಿ: 8.0 ಭಾಗಿಸು 40.3, ಬರುವುದು 0.199. 10.0 ಭಾಗಿಸು 71.85, ಬರುವುದು 0.139. ದ್ರವದಲ್ಲಿ ಕಬ್ಬಿಣ-ಮೆಗ್ನೀಷಿಯಂ ಅನುಪಾತ 0.70. ಅದಕ್ಕೆ 0.30 ಗುಣಿಸಿದರೆ 0.21. ಆಲಿವೀನಿನ ಫಾರ್ಸ್ಟರೈಟ್ ಪಾಲು 1 ಭಾಗಿಸು 1.21, ಅಂದರೆ ಶೇ 83.

ಮ್ಯಾಂಟಲಿನ ಮುಖ್ಯ ಶಿಲೆಯಾದ ಪೆರಿಡೊಟೈಟಿನಲ್ಲಿ ಆಲಿವೀನ್ ಸುಮಾರು ಶೇ 90 ಫಾರ್ಸ್ಟರೈಟ್. ಅದರೊಂದಿಗೆ ಹೊಂದುವ ದ್ರವದಲ್ಲಿ ಮೆಗ್ನೀಷಿಯಂ-ಕಬ್ಬಿಣ ಪರಮಾಣುಗಳ ಮೊತ್ತದಲ್ಲಿ ಮೆಗ್ನೀಷಿಯಂ ಪಾಲು ಶೇ 73 ಇರಬೇಕು. ನಮ್ಮ ಮಾದರಿಯಲ್ಲಿ ಅದು ಶೇ 59 ಮಾತ್ರ. ಎಂದರೆ ಈ ಲಾವಾ ಮ್ಯಾಂಟಲ್ ಬಿಟ್ಟು ಹೊರಟ ರೂಪದಲ್ಲಿಯೇ ಮೇಲಕ್ಕೆ ಬರಲಿಲ್ಲ. ದಾರಿಯಲ್ಲಿ ಎಲ್ಲೋ ತಂಗಿ, ಆಲಿವೀನನ್ನು ಕೆಳಗಿಳಿಸಿ ಬಂದಿದೆ. ಆಲೆಮನೆಯಿಂದ ತಂದ ಜೋನಿಬೆಲ್ಲ ಡಬ್ಬಿಯಲ್ಲಿ ಕೆಲವು ತಿಂಗಳು ನಿಂತಾಗ ತಳದಲ್ಲಿ ಸಕ್ಕರೆಯ ಹರಳು ಕೂತು, ಮೇಲಿನ ರಸದ ಗುಣವೇ ಬೇರೆಯಾಗುತ್ತದಲ್ಲ, ಭೂಗರ್ಭದ ಶಿಲಾಪಾಕದ ಕೋಣೆಯಲ್ಲೂ ನಡೆಯುವುದು ಅದೇ. ಹೀಗೆ ಹರಳು ಬೇರ್ಪಟ್ಟು ಶಿಲಾಪಾಕ ಬದಲಾಗುತ್ತದೆ ಎಂಬುದನ್ನು 20ನೇ ಶತಮಾನದ ಮೊದಲ ದಶಕಗಳಲ್ಲಿ ಪ್ರಯೋಗಗಳಿಂದ ಸ್ಥಾಪಿಸಿದವರು ನಾರ್ಮನ್ ಬೋವೆನ್. ಚನ್ನಗಿರಿ ಕಡೆಯ ಉಬ್ರಾಣಿ, ಮಸಣೀಕೆರೆಗಳಲ್ಲಿ ಗ್ಯಾಬ್ರೊ (ಆಳದಲ್ಲಿ ನಿಧಾನವಾಗಿ ತಣಿದ ಬಸಾಲ್ಟ್ ಶಿಲಾಪಾಕ) ಜತೆಗಿರುವ ಟೈಟಾನಿಯಂ-ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಕೂಡ ಇಂಥದೇ ಬೇರ್ಪಡೆಯ ಫಲ.

ಮೆಗ್ನೀಷಿಯಂ ಆಕ್ಸೈಡ್ ಶೇ 18 ಮೀರಿ, ಟೈಟಾನಿಯಂ ಆಕ್ಸೈಡ್ ಶೇ 1ಕ್ಕಿಂತ ಕಡಿಮೆಯಿರುವ ಲಾವಾ ಸಿಕ್ಕರೆ ಅದು ಕೊಮಟೈಟ್. 1969ರಲ್ಲಿ ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ಬಳಿ ವಿಲ್ಯೂನ್ ಸಹೋದರರು ಇದನ್ನು ಗುರುತಿಸಿದರು. ನಮ್ಮಲ್ಲಿ ಬಾಬಾಬುಡನ್‌ಗಿಂತ ಹಳೆಯದಾದ ಸರಗೂರು ಶಿಲಾಸಮೂಹದಲ್ಲಿ ಇದಿದೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಆಲಿವೀನ್ ಹುಲ್ಲಿನ ಗರಿಗಳಂತೆ ನೀಳವಾಗಿ ಬೆಳೆದ ವಿನ್ಯಾಸವೂ ಉಳಿದಿದೆ. ಕೊಮಟೈಟ್ ಲಾವಾದ ತಾಪಮಾನಕ್ಕೆ ಅಂದಾಜು ಸೂತ್ರವೊಂದಿದೆ: ಮೆಗ್ನೀಷಿಯಂ ಆಕ್ಸೈಡಿನ ಶೇಕಡಾವಾರನ್ನು 20ರಿಂದ ಗುಣಿಸಿ 1000 ಕೂಡಿಸಿ. ಶೇ 28 ಇದ್ದರೆ 1560 ಡಿಗ್ರಿ. ಇಂದಿನ ಬಸಾಲ್ಟ್ ಲಾವಾ ಉಕ್ಕುವುದು 1100ರಿಂದ 1200ರಲ್ಲಿ. ಆ ಕಾಲದ ಮ್ಯಾಂಟಲ್ ಇಂದಿಗಿಂತ ಬಿಸಿಯಾಗಿತ್ತು ಎಂಬ ಮಾತಿಗೆ ಇದಕ್ಕಿಂತ ನೇರವಾದ ಆಧಾರ ಕಡಿಮೆ.

ಎಂಟನೆಯ ಹೆಜ್ಜೆ: ಏಕೆ ಕರಗಿತು, ಎಷ್ಟು ಆಳದಲ್ಲಿ?

ಮ್ಯಾಂಟಲ್ ಗಟ್ಟಿ ಕಲ್ಲು. ಅದು ಕರಗಲು ಮುಖ್ಯವಾಗಿ ಎರಡು ದಾರಿ: ಬಿಸಿಕಲ್ಲು ಮೇಲಕ್ಕೇರಿ ಒತ್ತಡ ಇಳಿಯುವುದು, ಇಲ್ಲವೇ ಮುಳುಗುವ ಸಾಗರತಳದಿಂದ ನೀರು ಸೇರಿ ಕರಗುಬಿಂದು ತಗ್ಗುವುದು. ಸಾಗರಮಧ್ಯದ ಏಣುಗಳಲ್ಲಿ, ಬಿಸಿಸ್ತಂಭಗಳ (ಆಳದಿಂದ ಕಂಬದಂತೆ ಏರುವ ಬಿಸಿಕಲ್ಲು) ಮೇಲೆ ಮೊದಲನೆಯದು ನಡೆಯುತ್ತದೆ, ದ್ವೀಪಚಾಪಗಳಲ್ಲಿ (ಮುಳುಗುವ ಸಾಗರತಳದ ಮೇಲೆ ಬಿಲ್ಲಿನಂತೆ ಸಾಲುಗಟ್ಟಿದ ಜ್ವಾಲಾಮುಖಿ ದ್ವೀಪಗಳು) ಎರಡನೆಯದು. ಭೂಖಂಡದ ತೊಗಟೆ ಬಿಸಿಯಾಗಿ ತಾನೇ ಕರಗಿದರೆ ರಯೋಲೈಟ್‌ನಂಥ ಸಿಲಿಕಾಭರಿತ ಶಿಲಾಪಾಕ ಬರುತ್ತದೆ.

ಆಳವನ್ನು ಹೇಳುವುದು ಗಾರ್ನೆಟ್. ಸುಮಾರು 75-80 ಕಿಲೋಮೀಟರಿಗಿಂತ ಕೆಳಗೆ ಪೆರಿಡೊಟೈಟಿನಲ್ಲಿ ಗಾರ್ನೆಟ್ ಇರುತ್ತದೆ. ಅದು ಯಿಟರ್ಬಿಯಂನಂತಹ ಭಾರ ವಿರಳ ಭೂಧಾತುಗಳನ್ನು ಬಿಟ್ಟುಕೊಡುವುದಿಲ್ಲ. ಲಾವಾದ ವಿರಳ ಭೂಧಾತುಗಳನ್ನು ಹಗುರದಿಂದ ಭಾರಕ್ಕೆ ಸಾಲಾಗಿಟ್ಟ ನಕ್ಷೆಯಲ್ಲಿ ಭಾರ ಧಾತುಗಳು ಇಳಿಮುಖವಾಗಿದ್ದರೆ ಮೂಲ ಆಳದ್ದು, ಸಮತಟ್ಟಾಗಿದ್ದರೆ ಮೇಲಿನದು.

ನೀರಿನ ಗುರುತಾಗಿ ಎಲ್ಲರೂ ಹುಡುಕುವುದು ನಿಯೋಬಿಯಂ ಕುಸಿತವನ್ನು. ಥೋರಿಯಂ ಮತ್ತು ಲ್ಯಾಂಥನಂಗೆ ಹೋಲಿಸಿದರೆ ನಿಯೋಬಿಯಂ ತಗ್ಗಿದ್ದರೆ ದ್ವೀಪಚಾಪ ಎಂದು ತಟ್ಟನೆ ತೀರ್ಮಾನಿಸುವ ರೂಢಿ ಬೆಳೆದಿದೆ. ಇದನ್ನು ನಾನು ಒಪ್ಪುವುದಿಲ್ಲ. ಭೂಖಂಡದ ತೊಗಟೆಯಲ್ಲಿಯೂ ಥೋರಿಯಂ ಹೆಚ್ಚು, ನಿಯೋಬಿಯಂ ಕಡಿಮೆ. ಬಸಾಲ್ಟ್ ಮೇಲೇರುವಾಗ ಹಳೆಯ ನೈಸನ್ನು ತುಸು ಕರಗಿಸಿ ನುಂಗಿದರೂ ಅದೇ ಕುಸಿತ ಬರುತ್ತದೆ. ಇಲ್ಲಿ ಮೂರನೆಯ ಹೆಜ್ಜೆಯ ಟಿಪ್ಪಣಿ ತೆರೆಯಿರಿ. ಬಾಬಾಬುಡನ್ ಬಸಾಲ್ಟಿನ ಕೆಳಗೆ ನೈಸ್ ಇದೆ, ಉರುಟುಗಲ್ಲಿದೆ, ನಡುವೆ ಅಲೆ ಮುದ್ರೆಯ ಕ್ವಾರ್ಟ್ಸೈಟ್ ಇದೆ. ಅಂಥ ನೆರೆಹೊರೆಯಲ್ಲಿ ನಿಯೋಬಿಯಂ ಕುಸಿತಕ್ಕೆ ಮೊದಲ ವಿವರಣೆ ತೊಗಟೆಯ ಬೆರಕೆಯೇ ಆಗಬೇಕು. ದ್ವೀಪಚಾಪ ಎನ್ನುವವರು ಅದಕ್ಕೂ ಮೀರಿದ ಪುರಾವೆ ತರಬೇಕು. ಪರೀಕ್ಷೆ ಸುಲಭ: ಹಲವು ಹರಿವುಗಳಲ್ಲಿ ಸಿಲಿಕಾ ಹೆಚ್ಚಿದಂತೆ ಥೋರಿಯಂ-ನಿಯೋಬಿಯಂ ಅನುಪಾತವೂ ಏರುತ್ತಾ ಹೋದರೆ ಬೆರಕೆಯ ಪರವಾಗಿ ವಾದ ಬಲವಾಗುತ್ತದೆ. ಸಿಲಿಕಾ ಕಡಿಮೆಯಿರುವ, ಮೆಗ್ನೀಷಿಯಂ ಹೆಚ್ಚಿರುವ ಹರಿವುಗಳಲ್ಲೂ ಕುಸಿತ ಅಷ್ಟೇ ಇದ್ದರೆ ಮೂಲದಲ್ಲಿಯೇ ಅದು ಇತ್ತು ಎನ್ನಬಹುದು. ಬಾಬಾಬುಡನ್ ಲಾವಾ ಬಿಸಿಸ್ತಂಭದ್ದೇ, ಚಾಪದ್ದೇ ಎಂಬ ಚರ್ಚೆ ಭೂವಿಜ್ಞಾನಿಗಳಲ್ಲಿ ಇನ್ನೂ ನಡೆಯುತ್ತಿದೆ. ಹೊಸ ಮಾದರಿ ತರುವ ವಿದ್ಯಾರ್ಥಿಗೆ ಅಲ್ಲಿ ನಿಜವಾದ ಜಾಗ ಇದೆ.

ಒಂಬತ್ತನೆಯ ಹೆಜ್ಜೆ: ಐಸೋಟೋಪ್ ಮತ್ತು ವರದಿ

ಬೆರಕೆಯ ಪ್ರಶ್ನೆ ಉಳಿದೇ ಹೋದರೆ ಸಮೇರಿಯಂ-ನಿಯೋಡಿಮಿಯಂ ಅಳತೆ ಮಾಡಿಸಿ. ಸಮೇರಿಯಂ 147ರ ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ. ಈ ಎರಡು ಧಾತುಗಳೂ ರೂಪಾಂತರದಲ್ಲಿ ಅಷ್ಟಾಗಿ ಅಲುಗಾಡುವುದಿಲ್ಲ. ಹಳೆಯ ತೊಗಟೆ ನುಂಗಿದ ಲಾವಾದಲ್ಲಿ ಆರಂಭಿಕ (ಲಾವಾ ಹುಟ್ಟಿದಾಗಿನ) ನಿಯೋಡಿಮಿಯಂ ಐಸೋಟೋಪ್ ಮೌಲ್ಯ ಋಣದ ಕಡೆಗೆ ವಾಲುತ್ತದೆ. ವಯಸ್ಸು ಬೇಕಾದರೆ ಬಸಾಲ್ಟನ್ನೇ ಹಿಡಿದು ಕೂರಬೇಡಿ. ವಯಸ್ಸು ಹೇಳುವ ಖನಿಜವಾದ ಜಿರ್ಕಾನ್ ಅದರಲ್ಲಿ ತೀರ ವಿರಳ. ಪಕ್ಕದ ರಯೋಲೈಟ್ ಅಥವಾ ಬೂದಿಪದರದಲ್ಲಿ ಹುಡುಕಿ. ಬಾಬಾಬುಡನ್ ಕಬ್ಬಿಣದ ಪಟ್ಟೆಕಲ್ಲಿನ ನಡುವಿನ ಜ್ವಾಲಾಮುಖಿ ಬೂದಿಯ ಜಿರ್ಕಾನ್‌ಗಳೇ ಆ ಪದರಕ್ಕೆ ಸುಮಾರು 272 ಕೋಟಿ ವರ್ಷ ಎಂಬ ವಯಸ್ಸು ಕೊಟ್ಟಿದ್ದು.

ವರದಿ ಬರೆಯುವಾಗ ಪ್ರತಿ ಖನಿಜದ ಅಂಕಿಯ ಮುಂದೆ ಅದು ಕೇಂದ್ರದ್ದೋ ಅಂಚಿನದೋ, ಮೂಲದ್ದೋ ರೂಪಾಂತರದ್ದೋ ಎಂಬ ಕಾಲಂ ಇರಲಿ. ಕೈಬಿಟ್ಟ ಅಂಕಿಗಳನ್ನೂ ಕಾರಣದೊಂದಿಗೆ ಅನುಬಂಧದಲ್ಲಿ ಕೊಡಿ. ಉಳಿದ ಕಲ್ಲು, ತೆಳುಛೇದ, ಜಾಗದ ಅಕ್ಷಾಂಶ ರೇಖಾಂಶಗಳನ್ನು ನಿಮ್ಮ ಕಾಲೇಜಿನ ವಿಭಾಗದಲ್ಲಿ ಕ್ರಮಸಂಖ್ಯೆ ಹಾಕಿ ಇಡಿಸಿ. ಧರೆ ಕುಸಿದು ಅಥವಾ ರಸ್ತೆ ಅಗಲವಾಗಿ ಆ ಬಂಡೆ ಮುಚ್ಚಿಹೋದ ಮೇಲೂ ಇನ್ನೊಬ್ಬರು ಅದೇ ಹರಳನ್ನು ಮತ್ತೆ ಅಳೆಯಲು ಬರಬೇಕು.